ಬೆಂಚಿನ ಕೆಳಗಿದ್ದ ಮಚ್ಚು

ಈಚೆಗೊಂದು ದಿನ ಸೊಸೆ ಹೀರೇಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಳು. ಗಾಯ ದೊಡ್ಡದೇನಲ್ಲ. ಮಗ ಅಡುಗೆಮನೆಯಿಂದ ಕಾಫಿಪುಡಿಯ ಡಬ್ಬಿ ತಂದು, ಒಂದು ಚಿಟಿಕೆ ತೆಗೆದು ಗಾಯದ ಮೇಲೆ ಒತ್ತಿ ಹಿಡಿದ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಮಾಡುವುದು ಅದನ್ನೇ. ಕಾಫಿಪುಡಿಗೆ ಹಸಿ ರಕ್ತ ಸೇರಿದಾಗ ಒಂದು ವಾಸನೆ ಬರುತ್ತದೆ... ನಾನು ಎದ್ದು ಜಗಲಿಗೆ ಹೋಗಿ ಕೂತೆ. "ಅಪ್ಪಂಗೆ ರಕ್ತ ಕಂಡ್ರೆ ಆಗಾಕಿಲ್ಲ" ಎಂದು ಮಗ ಹೆಂಡತಿಗೆ ಹೇಳುವುದು ಒಳಗಿನಿಂದ ಕೇಳಿಸಿತು. ರಕ್ತ ಕಂಡರೆ ನನಗೆ ಏನೂ ಆಗುವುದಿಲ್ಲ. ಆ ವಾಸನೆ ಬಂದರೆ ಮಾತ್ರ, ಒಬ್ಬ ಮನುಷ್ಯ ಎಡಗೈ ಹೆಬ್ಬೆರಳನ್ನು ಚಾಚಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಾನೆ.

ಪೇಟೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಳನೀರಿನವನು, ಅಷ್ಟೇ. ನಾನೂ ಹಾಗೆಯೇ ಕರೆಯುತ್ತೇನೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ಸುತ್ತಿನ ಒಂದು ಊರಿನಲ್ಲಿ ನನ್ನದೊಂದು ಟೀ ಅಂಗಡಿ ಇತ್ತು. ಯಾವ ಊರು ಎಂದು ಬರೆಯುವುದು ಬೇಡ. ಪೊಲೀಸ್ ಠಾಣೆಯ ಕಾಂಪೌಂಡಿಗೆ ಒತ್ತಿಕೊಂಡಂತಿದ್ದ ತಗಡಿನ ಅಂಗಡಿ. ಅದರ ಮುಂದೆ, ಬೇವಿನ ಮರದ ನೆರಳಿನಲ್ಲಿ ಅವನ ಎಳನೀರಿನ ಗಾಡಿ. ಶೀಳನೆರೆ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದ, ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದ.

ಅವನ ಮಚ್ಚು ರಾತ್ರಿಯೆಲ್ಲ ನನ್ನ ಅಂಗಡಿಯಲ್ಲಿ ಇರುತ್ತಿತ್ತು. ಒಂದು ಸಲ ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ನಿಂತಿದ್ದಾಗ ಬ್ರೇಕು ಹಾಕಿ, ಪಕ್ಕದವರ ಪಂಚೆ ಹರಿದು ದೊಡ್ಡ ರಾದ್ಧಾಂತವಾಗಿ, ಕಂಡಕ್ಟರು ಇನ್ನು ಮೇಲೆ ಮಚ್ಚು ತಂದರೆ ಹತ್ತಿಸುವುದಿಲ್ಲ ಎಂದುಬಿಟ್ಟಿದ್ದ. ಅಂದಿನಿಂದ ಅವನು ಸಂಜೆ ಅದನ್ನು ಗೋಣಿಯ ತುಂಡಿನಲ್ಲಿ ಸುತ್ತಿ ನನ್ನ ಬೆಂಚಿನ ಕೆಳಗೆ ತಳ್ಳುತ್ತಿದ್ದ. "ಅಣ್ಣೋ, ನಿನ್ ಸೊಸೆ ಇಲ್ಲೇ ಅವ್ಳೆ, ಚೆನ್ನಾಗ್ ನೋಡ್ಕೊ" ಎನ್ನುತ್ತಿದ್ದ. ನಾನು "ವರದಕ್ಷಿಣೆ ಎಲ್ಲಲಾ?" ಎಂದರೆ ಒಂದು ಎಳನೀರು ಕೊಚ್ಚಿ ಕೈಗಿಡುತ್ತಿದ್ದ. ಆಮೇಲೆ ನಾನು ಅಂಗಡಿಗೆ ಬೀಗ ಹಾಕಿಕೊಂಡು ಹೊರಡುತ್ತಿದ್ದೆ. ಬೀಗದ ಕೈ ಇದ್ದದ್ದು ನನ್ನೊಬ್ಬನ ಬಳಿ.

ಒಂದು ಸಂತೆಯ ದಿನ ಗಿರಾಕಿಗಳ ಗದ್ದಲದಲ್ಲಿ ಮಚ್ಚು ಜಾರಿ ಅವನ ಎಡಗೈ ಹೆಬ್ಬೆರಳಿಗೆ ಬಿತ್ತು. ಬೆರಳು ಹಿಡಿದುಕೊಂಡು ನನ್ನ ಬಳಿ ಓಡಿ ಬಂದ. ನಾನು ಡಬ್ಬಿಯಿಂದ ಒಂದು ಹಿಡಿ ಕಾಫಿಪುಡಿ ತೆಗೆದು ಒತ್ತಿ, ಹಾಲು ಸೋಸುವ ಬಟ್ಟೆಯ ಅಂಚು ಹರಿದು ಕಟ್ಟಿದೆ. "ಸಕ್ಕರೆನೂ ಆಕಣ್ಣ, ಕುಡ್ಕಂಡ್ ಓಯ್ತೀನಿ" ಎಂದು ಆ ನೋವಿನಲ್ಲೂ ನಗಿಸಿದ. ಮಚ್ಚನ್ನು ನನ್ನ ಲೋಟ ತೊಳೆಯುವ ಬಕೆಟ್ಟಿನಲ್ಲಿ ಅದ್ದಿ ತೆಗೆದೆವು. ಅಲಗು ಶುದ್ಧವಾಯಿತು. ಮರದ ಹಿಡಿ ಅಲಗಿಗೆ ಸೇರುವ ಕಡೆ ಒಂದು ಸಂದು ಇತ್ತು. ಅದರೊಳಗೆ ಇಳಿದದ್ದನ್ನು ಯಾರು ನೋಡುತ್ತಾರೆ...

ಅದಾದ ಎರಡು ದಿನಕ್ಕೆ ಅವನಿಗೂ ಅವನ ಭಾಮೈದನಿಗೂ, ಅಂದರೆ ಹೆಂಡತಿಯ ತಮ್ಮನಿಗೂ, ಗಾಡಿಯ ಹತ್ತಿರವೇ ಜಗಳವಾಯಿತು. ಭಾಮೈದನ ತೋಟದ ಎಳನೀರನ್ನು ಇವನೇ ಇಳಿಸುತ್ತಿದ್ದ. ಆ ವರ್ಷ ಅವನು ತೋಟವನ್ನು ನಾಗಮಂಗಲದ ಕಡೆಯ ಯಾರಿಗೋ ಒಪ್ಪಿಸಿಬಿಟ್ಟಿದ್ದ. ಇವನು ಹತ್ತು ಜನರ ಮುಂದೆ "ನಿನ್ ಕೈ ಕಡ್ದಾಕ್ತೀನಿ ಕಣ್ಲಾ" ಎಂದು ಕೂಗಾಡಿದ. ನಮ್ಮ ಕಡೆ ದಿನಕ್ಕೆ ನಾಲ್ಕು ಸಲ ಅನ್ನುವ ಮಾತು. ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತಿದರು. ಹತ್ತುವ ಮುಂಚೆ ಇವನು ಎಂದಿನಂತೆ ಮಚ್ಚನ್ನು ಬೆಂಚಿನ ಕೆಳಗೆ ತಳ್ಳಿದ. ಸಿಟ್ಟಿನಲ್ಲಿದ್ದುದರಿಂದ ಸೊಸೆಯ ಮಾತು ಬರಲಿಲ್ಲ.

ಬೆಳಿಗ್ಗೆ ಆ ಭಾಮೈದನ ಹೆಣ ನಾಲೆ ಏರಿಯ ಮೇಲೆ ಸಿಕ್ಕಿತು. ಕತ್ತಿನ ಮೇಲೆ ಮಚ್ಚಿನ ಏಟು.

ಮಧ್ಯಾಹ್ನದ ಹೊತ್ತಿಗೆ ಎಳನೀರಿನವನು ಠಾಣೆಯ ಒಳಗಿದ್ದ. ಒಬ್ಬ ಪೇದೆ ಬಂದು ಅವನ ಮಚ್ಚು ಎಲ್ಲಿ ಎಂದು ಕೇಳಿದ. ನಾನು ಬಗ್ಗಿ, ಗೋಣಿಯ ಸಮೇತ ತೆಗೆದುಕೊಟ್ಟೆ. ಅದನ್ನು ಕೊಡುವಾಗ ನನಗೆ ಒಂದು ಬಗೆಯ ಸಮಾಧಾನವೇ ಆಗಿತ್ತು. ರಾತ್ರಿಯೆಲ್ಲ ಇದು ನನ್ನ ಬೀಗದೊಳಗಿತ್ತಲ್ಲ, ಇನ್ನೇನು ಅವನನ್ನು ಬಿಟ್ಟು ಕಳಿಸುತ್ತಾರೆ ಎಂದುಕೊಂಡೆ.

ಮಾರನೆಯ ದಿನ ಸರ್ಕಲ್ ಸಾಹೇಬರು ನನ್ನನ್ನು ಕರೆಸಿದರು. ನಾನು ಎಸ್ಸೆಸ್ಸೆಲ್ಸಿ ಓದಿದವನು, ಸಹಿ ದುಂಡಗೆ ಮಾಡುತ್ತಿದ್ದೆ. ಹಾಗಾಗಿ ಠಾಣೆಯವರಿಗೆ ಪಂಚರ ಸಹಿ ಬೇಕಾದಾಗಲೆಲ್ಲ, ಟೀ ತಂದುಕೊಟ್ಟ ಕೈಯಲ್ಲೇ ಸಹಿ ಹಾಕಿ ಬರುತ್ತಿದ್ದೆ. ಪಂಚ ಎಂದರೆ, ಪೊಲೀಸರು ಒಂದು ವಸ್ತು ವಶಪಡಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು ನೋಡಿದ ಹೊರಗಿನವನು. ಬಹಳ ಸಲ ನಾನು ಏನನ್ನೂ ನೋಡಿರುತ್ತಿರಲಿಲ್ಲ. ಅದರಿಂದ ಯಾರಿಗೆ ಏನಾಗುತ್ತದೆ ಎಂದು ಕೇಳಿದವನೂ ಅಲ್ಲ.

ಅಂದು ಮಹಜರು ಬರೆದು ಸಿದ್ಧವಾಗಿತ್ತು. ಆರೋಪಿ ನಮ್ಮನ್ನು ನಾಲೆ ಏರಿಗೆ ಕರೆದುಕೊಂಡು ಹೋದ, ಕತ್ತಾಳೆ ಮೆಳೆಯೊಳಗೆ ಕೈ ಹಾಕಿ ಮಚ್ಚು ತೆಗೆದುಕೊಟ್ಟ, ಅದನ್ನು ನಾನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು.

"ಸಾಮಿ, ಮಚ್ಚು ನನ್ ಅಂಗಡೀಲಿತ್ತಲ್ವ?" ಎಂದೆ.

ಸಾಹೇಬರು ಟೀ ಕುಡಿದು ಲೋಟ ಕೆಳಗಿಟ್ಟರು. "ಅವನ ಮಚ್ಚಲ್ಲೇ ಕೊಲೆ ಆಗಿರೋದು. ರಾತ್ರಿ ಅದು ನಿನ್ನ ಅಂಗಡೀಲಿತ್ತು ಅಂದ್ರೆ ಕಡಿದೋನು ನೀನೇ ಅಂತಾಯ್ತದೆ ಕಣ್ಲಾ. ಬೀಗ ನಿಂದೇ ತಾನೆ? ಯಾವುದು ಬೇಕು, ನೀನೇ ಯೋಳು."

ಪೆನ್ನು ತೆಗೆದುಕೊಂಡೆ. ಸಹಿ ಯಾವತ್ತಿನಂತೆ ದುಂಡಗೇ ಬಂತು.

ಜಿಲ್ಲಾ ಕೋರ್ಟಿನಲ್ಲಿ ಕೇಸು ನಡೆಯಿತು. ಕೊಲೆಯನ್ನು ಕಣ್ಣಿಂದ ಕಂಡವರು ಯಾರೂ ಇರಲಿಲ್ಲ. ಎಲ್ಲ ಸಾಂದರ್ಭಿಕ ಸಾಕ್ಷ್ಯ. ಜಗಳ ಆಡಿದ್ದು, ಒಂದೇ ಬಸ್ಸು ಹತ್ತಿದ್ದು, ಮಚ್ಚು. ಲ್ಯಾಬಿನಿಂದ ವರದಿ ಬಂದಿತ್ತು. ಹಿಡಿಯ ಸಂದಿನಲ್ಲಿ ಇರುವುದು ಮನುಷ್ಯರ ರಕ್ತ, ಓ ಗುಂಪು. ಸತ್ತವನದೂ ಓ ಗುಂಪು. ಅವನ ಹೆಬ್ಬೆರಳಿನ ಗಾಯವನ್ನು ನೋಡಿದ ಡಾಕ್ಟರು, ಕಪ್ಪಗೆ ಗಟ್ಟಿಯಾಗಿದೆ, ಒಂದು ದಿನದ್ದೂ ಇರಬಹುದು, ಮೂರು ದಿನದ್ದೂ ಇರಬಹುದು ಎಂದರು. ಕಪ್ಪಗಿದ್ದದ್ದು ನನ್ನ ಕಾಫಿಪುಡಿ. ಕಡಿಯುವಾಗ ನಡೆದ ಹೊಯ್‌ಕೈಯಲ್ಲಿ ಆದ ಗಾಯ ಅದು ಎಂದು ಸರ್ಕಾರಿ ವಕೀಲರು ವಾದಿಸಿದರು. ಅದು ಸಂತೆಯ ದಿನದ ಗಾಯ, ಸಂದಿನಲ್ಲಿರುವುದು ಅವನದೇ ರಕ್ತ, ಮಚ್ಚು ಆ ರಾತ್ರಿ ಬೀಗದೊಳಗಿತ್ತು... ಇಷ್ಟನ್ನೂ ಹೇಳಬಲ್ಲವನು ಲೋಕದಲ್ಲಿ ನಾನೊಬ್ಬನೇ.

ಅವನಿಗೆ ಸರ್ಕಾರವೇ ಕೊಟ್ಟ ಎಳೆಯ ವಕೀಲರು ಎದ್ದು ನನ್ನನ್ನು ಕೇಳಿದರು. "ಆರೋಪಿಯ ಹೆಬ್ಬೆರಳಿಗೆ ನೀವೇ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿದಿರಿ ಎಂದರೆ ಸರಿಯೇ?"

"ಸರಿಯಲ್ಲ."

"ಆರೋಪಿ ದಿನಾ ಸಂಜೆ ಮಚ್ಚನ್ನು ನಿಮ್ಮ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದ ಎಂದರೆ ಸರಿಯೇ?"

"ಸರಿಯಲ್ಲ."

ಕಟಕಟೆಯಿಂದ ಅವನು ಕೂಗಿದ. "ಅಣ್ಣೋ, ನಿನ್ ಡಬ್ಬಿ ಪುಡಿ ಕಣಣ್ಣೋ! ಹಾಲ್ ಬಟ್ಟೆ ಅರ್ದು ಕಟ್ದಲ್ಲೋ!" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮರೆತಿದ್ದೇನೆ, ನೆನಪು ಮಾಡಿಕೊಟ್ಟರೆ ಹೇಳುತ್ತೇನೆ ಎಂದೇ ಅವನು ನಂಬಿದ್ದ. ನ್ಯಾಯಾಧೀಶರು ಅವನನ್ನು ಸುಮ್ಮನಿರಿಸಿದರು. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಸತ್ತವನು ಅವಳ ಒಡಹುಟ್ಟಿದವನು, ಕಟಕಟೆಯಲ್ಲಿ ನಿಂತವನು ಅವಳ ಗಂಡ. ಅವಳು ಗಂಡನ ಕಡೆ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಜೀವಾವಧಿ ಆಯಿತು. ನಾನು ಸ್ವತಂತ್ರ ಸಾಕ್ಷಿ, ಸುಳ್ಳು ಹೇಳಲು ನನಗೆ ಕಾರಣವೇ ಇಲ್ಲ ಎಂದು ತೀರ್ಪಿನಲ್ಲಿ ಬರೆದಿತ್ತಂತೆ.

ಅಪೀಲು ಹೈಕೋರ್ಟಿಗೆ ಹೋಗಿ, ಅದರ ಸರದಿ ಬರುವಷ್ಟರಲ್ಲಿ ಆ ದಶಕ ಮುಗಿಯುತ್ತ ಬಂದಿತ್ತು. ಅಲ್ಲಿ ಯಾರೋ ಹಿರಿಯ ವಕೀಲರು ಸರಪಳಿಯ ಒಂದೊಂದೇ ಕೊಂಡಿಯನ್ನು ಬಿಡಿಸಿದರಂತೆ. ಓ ಗುಂಪಿನ ರಕ್ತ ಊರಿಗೆಲ್ಲ ಇರುತ್ತದೆ, ಆರೋಪಿಯ ರಕ್ತ ಯಾವ ಗುಂಪು ಎಂದು ಯಾರೂ ಪರೀಕ್ಷೆಯನ್ನೇ ಮಾಡಿಸಿಲ್ಲ. ಮಚ್ಚು ಸಿಕ್ಕಿತೆನ್ನುವ ಜಾಗ ಎಲ್ಲರೂ ಓಡಾಡುವ ಏರಿ. ಈ ಪಂಚ ಬೇರೆ ಕೇಸುಗಳಲ್ಲೂ ಇದೇ ಠಾಣೆಗೆ ಸಹಿ ಹಾಕಿದವನು, ಇವನನ್ನು ನಂಬಲಾಗದು. ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿದರು. ನಾನು ಸುಳ್ಳುಗಾರನಿರಬಹುದು ಎಂದು ದೊಡ್ಡ ಕೋರ್ಟಿಗೆ ಅನ್ನಿಸಿದ್ದರಿಂದ ಅವನು ಹೊರಗೆ ಬಂದ. ನಾನಾಗಿ ನಿಜ ಹೇಳಿದ್ದರಿಂದ ಅಲ್ಲ.

ಬಂದವನು ಒಂದು ಮಧ್ಯಾಹ್ನ ಅಂಗಡಿಯ ಮುಂದೆ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಬೆಂಚಿನ ಮೇಲೆ ಕೂತು, ನಾನು ಕೊಟ್ಟ ಟೀ ಕುಡಿದು ಲೋಟ ಕೆಳಗಿಟ್ಟ.

"ಕೋರ್ಟು ಬುಟ್ಬುಡ್ತು ಕಣಣ್ಣ. ನಮ್ಮೋಳು ಬುಟ್ಟಿಲ್ಲ" ಎಂದ. "ಅನುಮಾನದ ಮೇಲೆ ಬುಟ್ಟವ್ರೆ, ನೀನ್ ಮಾಡಿಲ್ಲ ಅಂತ ಯಾರ್ ಯೋಳವ್ರೆ ಅಂತಾಳೆ. ಒಳೀಕೆ ಸೇರಿಸಾಕಿಲ್ಲ. ನಂಗೇನೂ ಬ್ಯಾಡ. ಒಂದ್ ಸಲ ಬಂದು ಅವಳ ಮುಂದೆ ಯೋಳು, ಮಚ್ಚು ನಿನ್ ತಾವಿತ್ತು ಅಂತ. ಅಷ್ಟೇಯ."

"ಹಬ್ಬ ಮುಗೀಲಿ, ಬತ್ತೀನಿ" ಎಂದೆ.

"ಬಾರಣ್ಣ" ಎಂದು ಎದ್ದು ಹೋದ.

ನಾನು ಹೋಗಲಿಲ್ಲ. ಅವಳು ಇದ್ದದ್ದು ತವರಿನಲ್ಲಿ, ಸತ್ತವನ ಮನೆಯಲ್ಲೇ. ಅಲ್ಲಿ ಹೋಗಿ ಬಾಯಿ ಬಿಟ್ಟರೆ ಅವರ ಕಡೆಯವರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ, ಸುಳ್ಳು ಸಾಕ್ಷಿ ಎಂದು ನನ್ನ ಮೇಲೇ ಕೇಸಾದರೆ ಮಗನ ಗತಿ ಏನು... ಹೀಗೆ ಒಂದೊಂದು ಹಬ್ಬಕ್ಕೂ ಒಂದೊಂದು ನೆಪ. ಕೋರ್ಟಿನಲ್ಲಿ ಸುಳ್ಳು ಹೇಳಿದ್ದು ಹೆದರಿಕೆಯಿಂದ ಎಂದಾದರೂ ಹೇಳಬಹುದು. ಈ ಎರಡನೆಯ ಸಲ ನನ್ನ ಕುತ್ತಿಗೆಯ ಮೇಲೆ ಯಾರೂ ಕೂತಿರಲಿಲ್ಲ. ಅವನು ಮತ್ತೆ ಕೇಳಲು ಬರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಒಂದು ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುತ್ತ, ಅಲ್ಲೇ ನಾರಿನ ರಾಶಿಯ ಪಕ್ಕ ಮಲಗುತ್ತ ಕೆಲವು ವರ್ಷ ಇದ್ದು ಸತ್ತನೆಂದು ಕೇಳಿದೆ. ಕೇಳಿದ ಮೇಲೂ ಬಹಳ ವರ್ಷ ಸುಮ್ಮನಿದ್ದೆ.

ಸೊಸೆ ಬೆರಳು ಕೊಯ್ದುಕೊಂಡ ವಾರವೇ ಬಸ್ಸು ಹತ್ತಿ ಅವನ ಹೆಂಡತಿಯ ತವರೂರಿಗೆ ಹೋದೆ. ಅವಳು ಹೊಸಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಎಳನೀರಿನವನ ಮಗಳಿದ್ದಳು. ನಾನು ಯಾರೆಂದು ಹೇಳಿದೆ. ಕೂರು ಎನ್ನಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಬೆಂಚು, ಬೀಗ, ಹೆಬ್ಬೆರಳು, ಸಹಿ. ಹೇಳುವಾಗ ಒಳಗಿನ ಗೋಡೆ ಕಾಣುತ್ತಿತ್ತು. ಹೂವು ಹಾಕಿದ್ದ ಒಂದೇ ಒಂದು ಫೋಟೋ, ಅವಳ ತಮ್ಮನದು.

ಅವಳ ಕೈ ಅವರೆಕಾಯಿಯ ಮೇಲೆ ನಿಂತಿತ್ತು. "ಕೊಲೆಗಡುಕ ಅಂತ ಬೈಕಂಡೇ ಕಳ್ದೆ" ಎಂದಳು. "ಸತ್ತಾಗ ಒಂದ್ ಹಿಡಿ ಮಣ್ ಆಕಾಕೂ ಓಗ್ನಿಲ್ಲ. ಈಗ್ ಬಂದು ಯೋಳ್ತಾವನೆ. ಇದ್ನ ನಾನು ಎಲ್ಲಿಕ್ಕಳ್ಳಲೋ ಯಪ್ಪ?"

ಭಾರ ಇಳಿಸಲೆಂದು ಹೋಗಿ ಅವಳ ತಲೆಯ ಮೇಲೆ ಹೊರಿಸಿದ್ದೆ. "ಬಸ್ಸಿನ್ ವತ್ತಾಯ್ತು, ನಡಿ" ಎಂದು ಮಗಳೇ ನನ್ನನ್ನು ರಸ್ತೆಯವರೆಗೆ ಬಿಟ್ಟಳು.

ಮೊನ್ನೆ ಆ ಮಗಳು ವಿಚಾರಿಸಿಕೊಂಡು ನಮ್ಮ ಮನೆಗೆ ಬಂದಿದ್ದಳು. ಜಗಲಿಯ ಕೆಳಗೇ ನಿಂತಳು, ಹತ್ತಲಿಲ್ಲ.

"ಅವ್ವ ಕಳ್ಸುದ್ಲು. ಅಪ್ಪನ್ ಫೋಟೋ ಇದ್ದಿದ್ನೆಲ್ಲ ಅವಾಗ್ಲೇ ಒಲೆಗಾಕ್ಬುಟ್ಟಿದ್ಲು. ನಿಮ್ ಅಂಗ್ಡಿ ತಾವ ಅಷ್ಟ್ ವರ್ಷ ಇದ್ದೋನಲ್ವ, ನಿಮ್ ತಾವ ಏನಾರ ಐತಾ?"

ಹುಡುಕುತ್ತೇನೆ ಎಂದು ಒಳಗೆ ಹೋದೆ. ಇಲ್ಲವೆಂದು ಗೊತ್ತಿದ್ದೂ ಟ್ರಂಕು ತೆಗೆದು ಎಲ್ಲವನ್ನೂ ಹೊರಗೆ ಹಾಕಿದೆ. ಅಂಗಡಿಯ ಪೂಜೆಯ ದಿನ ತೆಗೆಸಿದ ಒಂದು ಪಟ ಸಿಕ್ಕಿತು. ಅದರಲ್ಲಿ ನಾನಿದ್ದೇನೆ, ಬೇವಿನ ಮರವಿದೆ, ಗಾಡಿಯ ಒಂದು ಚಕ್ರ ಇದೆ. ಅವನು ನಿಂತಿದ್ದ ಜಾಗ ಅಂಚಿನ ಆಚೆಗೆ ಉಳಿದಿದೆ.

ಅದನ್ನೇ ಕೊಟ್ಟೆ. ಅವಳು ಬಹಳ ಹೊತ್ತು ಆ ಚಕ್ರವನ್ನು ನೋಡಿ, ಸೆರಗಿನಲ್ಲಿ ಒರೆಸಿ, ತೆಗೆದುಕೊಂಡು ಹೋದಳು.