ಕೆಲಸದ ಕಣ್ಣು

ಬಲಗಣ್ಣೋ ಎಡಗಣ್ಣೋ, ಈಗ ಬರೆಯುವಾಗ ಖಚಿತವಿಲ್ಲ; ಆ ಅಕ್ಕಸಾಲಿಗರು ಒಂದು ಕಣ್ಣನ್ನು ಬೆರಳಿನಿಂದ ತೋರಿಸಿದ್ದಂತೂ ನಿಜ. ಗ್ಲಾಕೋಮಾ ಚಿಕಿತ್ಸೆಯ ಖರ್ಚಿನ ಕುರಿತ ಸಂಶೋಧನೆಯೊಂದಕ್ಕಾಗಿ ನಾನು ಪಾಂಡವಪುರದ ಕಣ್ಣಿನ ಶಿಬಿರದಲ್ಲಿ ರೋಗಿಗಳನ್ನು ಮಾತನಾಡಿಸುತ್ತಿದ್ದೆ. ಎರಡೂ ಕಣ್ಣಿಗೆ ಹಾಕಿದರೆ ತಿಂಗಳಿಗೆ ಮುಗಿಯುವ ಹನಿ ಔಷಧಿ ಸಂತೆಬಾಚಹಳ್ಳಿಯ ಈ ಅಕ್ಕಸಾಲಿಗರಿಗೆ ಎರಡು ತಿಂಗಳು ಬರುತ್ತಿತ್ತು. ಹೇಗೆಂದು ಕೇಳಿದೆ.

“ಕೆಲ್ಸದ ಕಣ್ಗೆ ಮಾತ್ರ ಬುಟ್ಕತೀನಿ ಕಣವ್ವ. ಭೂತಗನ್ನಡಿ ಇಕ್ಕೊಳ್ಳೋದು ಇದ್ಕೇ. ಇನ್ನೊಂದು ಸುಮ್ಕೆ ಕುಂತಿರೋ ಕಣ್ಣು, ಅದ್ಕೂ ಯಾಕೆ ದುಡ್ಡು ಸುರೀಲಿ?”

“ಆ ಕಡೀಂದ ಬಂದ್ರೆ ನಾನೂ ಕಾಣಾಕಿಲ್ಲ ಈವಯ್ಯಂಗೆ,” ಎಂದು ಪಕ್ಕದಲ್ಲಿದ್ದ ಹೆಂಡತಿ ನಕ್ಕರು.

ಈ ಕಾಯಿಲೆಯಲ್ಲಿ ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಕಾಯುವುದಕ್ಕೇ ಈ ಹನಿ ಎಂದು ನಾನು ಹೇಳಿದೆ. ಅವರು ಕೆಲಸದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದರಿಂದ ಹೆಂಡತಿಯ ಮುಖವನ್ನೇ ನೋಡುತ್ತಾ ಕೂತರು.

“ನಾನೇ ಮಾಡಿದ್ ಮೂಗ್ಬೊಟ್ಟು ಕಾಣ್ತಿಲ್ವಲ್ಲೇ.”

ಆಕೆ ನಗುವುದನ್ನು ನಿಲ್ಲಿಸಿ, ಮುಖವನ್ನು ಇನ್ನಷ್ಟು ಹತ್ತಿರ ತಂದರು.

ಆಗಲಾದರೂ ಕಾಣಿಸಿತೇ ಎಂದು ನಾನು ಕೇಳಲಿಲ್ಲ. ಈಗ ಎರಡೂ ಕಣ್ಣಿಗೆ ಹನಿ ಬೀಳುತ್ತಿದೆಯೇ ಎಂಬುದೂ ನನಗೆ ಗೊತ್ತಿಲ್ಲ.