ಫಲಕದಲ್ಲಿ ಹೆಸರು, ಬೆಂಚಿನಲ್ಲಿ ಯಾರು?

ಶುಕ್ರವಾರ ಬೆಳಿಗ್ಗೆ ಕುವೈಟಿನ ಸಾಲ್ಮಿಯಾದ ನಮ್ಮ ಫ್ಲ್ಯಾಟಿನ ಕಾಲಿಂಗ್ ಬೆಲ್ ಬಿಡದೆ ಬಡಿದುಕೊಂಡರೆ ಅದು ಉಮ್ಮರಬ್ಬನೇ. ಕೈಯಲ್ಲಿ ವಫ್ರಾ ತೋಟದ ಸೌತೆಕಾಯಿ, ಬಾಯಲ್ಲಿ ಊರಿನ ಸುದ್ದಿ. ಸಲ್ವಾದಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ಈ ಮಹಾರಾಯ ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ ನನ್ನ ಕ್ಲಾಸ್‌ಮೇಟ್. ನಾನು ಓದಿ ನರ್ಸ್ ಆದೆ, ಅವನು ಏಳನೆಯದಕ್ಕೇ ಬಿಟ್ಟ. ಆದರೂ ಶಾಲೆಯ ಜಂಬ ಅವನಿಗೇ ಹೆಚ್ಚು.

"ಶಾಲೆ ಶುರುವಾದದ್ದೇ ನಮ್ಮ ಅಜ್ಜನ ಗೂಡಂಗಡಿ ಜಗಲಿಯಲ್ಲಿ, ವೈಲೆಟ್. ನಿಮ್ಮವರು ಜಾಗ ಕೊಟ್ಟದ್ದು ಆಮೇಲೆ ಮಾರಾಯ್ತಿ!"

ಜಾಗ ನನ್ನ ಅಜ್ಜನದು, ಸಂಬಳ ಸರಕಾರದ್ದು, ಉಳಿದದ್ದೆಲ್ಲ ಕುವೈಟಿನದು. ಹಳೆ ವಿದ್ಯಾರ್ಥಿಗಳಾದ ನಾವು ಗೇಟು, ಬೆಂಚು, ಪ್ರೊಜೆಕ್ಟರು ಎಲ್ಲ ಕೊಟ್ಟೆವು, ಕೊಟ್ಟದ್ದಕ್ಕೆಲ್ಲ ಒಂದೊಂದು ಮಾರ್ಬಲ್ ಫಲಕ ಹಾಕಿಸಿಕೊಂಡೆವು. ಮಕ್ಕಳು ಕೈತೊಳೆಯುವ ನಳ್ಳಿಯ ಮೇಲೂ "ಕೊಡುಗೆ: ಉಮ್ಮರಬ್ಬ, ಕುವೈಟ್" ಎಂದು ಕೆತ್ತಿದೆ. ಕೊನೆಗೆ ಮಕ್ಕಳಿಗಿಂತ ಫಲಕಗಳೇ ಹೆಚ್ಚಾದವು.

ಈ ಮಾರ್ಚಿನಲ್ಲಿ ಹೆಡ್ ಟೀಚರ್ ಇಸಾಬೆಲ್ ವಾಯ್ಸ್ ಮೆಸೇಜ್ ಕಳಿಸಿದರು. ಮಕ್ಕಳು ಉಳಿದದ್ದು ಒಂಬತ್ತೇ. ಜೂನಿನಲ್ಲಿ ಇನ್ನು ಮೂವರಾದರೂ ಸೇರದಿದ್ದರೆ ಹೊಳೆಯಾಚೆಯ ಶಾಲೆಯೊಂದಿಗೆ ವಿಲೀನ, ನಮ್ಮದಕ್ಕೆ ಬೀಗ.

ಆ ಶುಕ್ರವಾರ ನಮ್ಮ ಮನೆಯಲ್ಲೇ ಹಳೆ ವಿದ್ಯಾರ್ಥಿಗಳ ಮೀಟಿಂಗ್. ನನ್ನ ಗಂಡ ಜೇಮ್ಸ್, "ಒಂದು ವ್ಯಾನ್ ಕೊಡಿಸುವ," ಅಂದರು. ಎಲ್ಲರಿಗೂ ಒಪ್ಪಿಗೆ. ವ್ಯಾನಿನ ಮೇಲೆ ಯಾರ ಹೆಸರು ಬರೆಸುವುದೆಂಬ ಚರ್ಚೆಯೂ ಶುರುವಾಯಿತು.

"ಅದರಲ್ಲಿ ಕೂರುದು ಯಾರು?" ಉಮ್ಮರಬ್ಬ ಎದ್ದು ನಿಂತ. "ನಮ್ಮ ಮನೆ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಮ್ಮಿನ ಹಳದಿ ಬಸ್ಸಲ್ಲಿ ನಮ್ಮ ಶಾಲೆಯ ಎದುರಿಂದಲೇ ಹೋಗುದಲ್ವಾ?"

ಎಲ್ಲರೂ ತಟ್ಟೆಯ ಕಟ್ಲೆಟ್ಟನ್ನೇ ನೋಡತೊಡಗಿದರು. ನಾನೂ ನೋಡಿದೆ. ನನ್ನ ತಂಗಿಯ ಮೊಮ್ಮಗನೂ ಅದೇ ಬಸ್ಸಿನವನು.

"ನನ್ನ ಹನಾನ್ ಹೋಗ್ತಾಳೆ," ಎಂದುಬಿಟ್ಟ ಉಮ್ಮರಬ್ಬ.

ಹನಾನ್ ಅವನ ಮಗ ಶಬೀರನ ಮಗಳು. ಸೊಸೆ ಆಯಿಶತ್ ನಿಶಾ ಅವಳನ್ನು ಕರೆದುಕೊಂಡು ಮೇ ತಿಂಗಳಲ್ಲಿ ಊರಿಗೇ ಹೋಗಿ ನೆಲೆಸುವುದೆಂದು ನಿಶ್ಚಯವಾಗಿತ್ತು. ಶಾಲೆ ಯಾವುದೆಂದು ಮಾತ್ರ ಮಾವ ಸೊಸೆಯನ್ನು ಕೇಳಿರಲಿಲ್ಲ. ಸಂಜೆ ಅವನ ಜೊತೆ ನಾನೂ ಹೋದೆ, ತಮಾಷೆ ನೋಡಲು.

ನಿಶಾ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡಳು. "ಆಯ್ತು ಮಾವ. ಮನೆ ಹತ್ತಿರವೇ ಉಂಟು, ಇಸಾಬೆಲ್ ಟೀಚರ್ ಒಳ್ಳೆಯವರು. ಆದ್ರೆ ದಿನಾ ಕರ್ಕೊಂಡು ಹೋಗುದು ನೀವು."

"ನಾನು ಇಲ್ಲಿರುದಲ್ವಾ?"

"ಮೊಮ್ಮಗಳನ್ನು ಕೊಡ್ಲಿಕ್ಕೆ ಆಗುದಾದ್ರೆ ನಿಮ್ಮನ್ನು ಕೊಡ್ಲಿಕ್ಕೆ ಆಗುದಿಲ್ವಾ?"

ಉಮ್ಮರಬ್ಬ ಇಂಗು ತಿಂದ ಮಂಗನಂತಾದ. "ಬರುವ ವರ್ಷ ಇಲ್ಲಿನ ಇಕಾಮಾ ಪರ್ಮಿಟ್ ಖಲಾಸ್ ಮಾಡಿ ಊರಿಗೇ ಬರ್ತೇನೆ" ಎಂದು ಅವನು ಊರಲ್ಲಿರುವ ಹೆಂಡತಿ ಬೀಪಾತುಮ್ಮನಿಗೆ ಹೇಳುತ್ತಾ ಬಂದು ಎಷ್ಟು ವರ್ಷವಾಯಿತೋ ದೇವರೇ ಬಲ್ಲ. ಹನಾನ್ ಅವನ ಬೆರಳು ಹಿಡಿದೆಳೆದು "ಪ್ಲೀಸ್" ಅಂದಳು. ಅಲ್ಲಿಗೆ ಮುಗಿಯಿತು.

ಅಂಗಡಿಯನ್ನು ಶಬೀರನಿಗೆ ಒಪ್ಪಿಸಿ ಉಮ್ಮರಬ್ಬ ವಿಮಾನ ಹತ್ತಿದ. ಕುವೈಟಿನವರ ಮಗುವೇ ಸರಕಾರಿ ಶಾಲೆಗೆ ಹೋಗುವುದನ್ನು ಕಂಡು ಪಕ್ಕದ ಮನೆಯ ಹುಡುಗಿ ಸೇರಿದಳು. ನಾನು ಫೋನಿನಲ್ಲಿ ತಂಗಿಯ ಜೀವ ತಿಂದು ಅವಳ ಮೊಮ್ಮಗನನ್ನೂ ಹಳದಿ ಬಸ್ಸಿನಿಂದ ಇಳಿಸಿದೆ. ಹನ್ನೆರಡಾಯಿತು, ಬೀಗ ತಪ್ಪಿತು. ಆ ದಿನ ನನಗಾದ ಖುಷಿ ಮದುವೆಯ ದಿನವೂ ಆಗಿರಲಿಲ್ಲ.

ಆಗಸ್ಟಿನಲ್ಲಿ ಇಸಾಬೆಲ್ ಟೀಚರ್ ಒಂದು ಫೋಟೋ ಕಳಿಸಿದರು. ಹನಾನ್ ನಳ್ಳಿಯಲ್ಲಿ ಕೈ ತೊಳೆಯುತ್ತಿದ್ದಾಳೆ. ಕೈಯೆಲ್ಲ ಮಸಿ. ಮೇಲಿನ ಫಲಕದಲ್ಲಿ ಅಜ್ಜನ ಹೆಸರಿನ ಮುಂದಿನ "ಕುವೈಟ್" ಮೇಲೆ ಇದ್ದಲಿನಿಂದ ಗೀಚಿ, ಪಕ್ಕದಲ್ಲಿ ಹೊಸದಾಗಿ ಕಲಿತ ಸೊಟ್ಟ ಅಕ್ಷರದಲ್ಲಿ "ಮನೆ" ಎಂದು ಬರೆದಿದ್ದಾಳೆ. ಹಿಂದೆ ಉಮ್ಮರಬ್ಬ, ಕೊರಳಲ್ಲಿ ಮೊಮ್ಮಗಳ ವಾಟರ್ ಬಾಟ್ಲಿ ನೇತು ಹಾಕಿಕೊಂಡು ನಗುತ್ತಿದ್ದಾನೆ.

ನನಗೆ ಹೊಟ್ಟೆಕಿಚ್ಚಾಯಿತು. ಊಟದ ಮೇಜಿನಲ್ಲಿ ಜೇಮ್ಸ್‌ಗೆ ಫೋಟೋ ತೋರಿಸಿ, "ನಾವು ಯಾವಾಗ?" ಎಂದು ಕೇಳಿದೆ.

"ಬರುವ ವರ್ಷ..." ಎಂದು ಅವರು ಬಾಯಿ ತೆರೆದರು. ನಾನು ಅದರೊಳಗೆ ಒಂದು ಸೌತೆಕಾಯಿ ಹೋಳು ತುರುಕಿದೆ.