ರೋಮಿ ಹಿಡಿದ ಕೊನೆಯ ಬಾತು

ಮೆಲ್ಬರ್ನ್‌ನಲ್ಲಿ ಬಸ್ ಓಡಿಸುತ್ತಿದ್ದ ಬಂಟ್ವಾಳದ ನೋರ್ಬರ್ಟ್‌ಗೆ, ಯಾರೂ ತನ್ನನ್ನು ನೋಡಿ ನಗಬಾರದು ಎಂಬುದೊಂದೇ ಹಟ. ಬಾತುಬೇಟೆಯ ಗೆಳೆಯರ ನಡುವೆ ಅವನ ಮರ್ಯಾದೆ ಉಳಿಸಿದ್ದು ರೋಮಿ ಎಂಬ ಲ್ಯಾಬ್ರಡಾರ್ ನಾಯಿ. ಗುಂಡು ತಗಲಿ ಕೆರೆಗೆ ಬಿದ್ದ ಹಕ್ಕಿಯನ್ನು ಅದು ಹಲ್ಲು ನಾಟಿಸದೆ ಕಚ್ಚಿ ತರುತ್ತಿತ್ತು.

ಆ ಬೆಳಿಗ್ಗೆ ನೀರು ಕೊರೆಯುತ್ತಿತ್ತು. ಎರಡು ಹಕ್ಕಿ ತಂದ ಮುದಿ ರೋಮಿ ದಡದಲ್ಲಿ ನಡುಗುತ್ತ ಮಲಗಿತು. ಆಚೆಯ ಜೊಂಡಿನ ಬಳಿ ಇನ್ನೊಂದು ಬಾತು ಬಿದ್ದು ರೆಕ್ಕೆ ಬಡಿಯುತ್ತಿತ್ತು.

"ಬಿಡಿ ಅಂಕಲ್, ಅದಕ್ಕೆ ವಯಸ್ಸಾಯ್ತು. ನಾನೇ ಇಳಿದು ತರ್ತೀನಿ," ಎಂದ ಗುಂಪಿನ ಹುಡುಗ, ಮಂಡ್ಯದ ದರ್ಶನ್. ಹಿಂದೆ ಯಾರೋ ನಕ್ಕರು.

"ಅದಕ್ಕೆ ಎಂತ ಸಹ ಆಗ್ಲಿಲ್ಲ ಮಾರಾಯ," ಎನ್ನುತ್ತ ನೋರ್ಬರ್ಟ್ ನಾಯಿಯನ್ನು ಬೂಟುಗಾಲಿನಿಂದ ನೀರಿಗೆ ನೂಕಿದ.

ರೋಮಿ ಈಜಿ ಹೋಗಿ ಬಾತನ್ನು ಹಿಡಿದೇಬಿಟ್ಟಿತು. ತಿರುಗುವಾಗ ಕಾಲಿಗೆ ನೀರುಬಳ್ಳಿ ತೊಡರಿ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ದರ್ಶನ್ ನೀರಿಗಿಳಿಯಲು ಹೊರಟರೆ ನೋರ್ಬರ್ಟ್ ಅವನ ತೋಳು ಹಿಡಿದ. "ಬರ್ತದೆ, ಸುಮ್ಮನಿರು," ಎಂದು ಶಿಳ್ಳೆ ಹಾಕುತ್ತಲೇ ಇದ್ದ.

ಕಡೆಗೆ ಅವನೇ ಸೊಂಟಮಟ್ಟದ ನೀರಿನಲ್ಲಿ ನಡೆದು ಹೋದಾಗ ನಾಯಿ ಸತ್ತಿತ್ತು. ಅದರ ಬಾಯಿಂದ ಜಾರಿದ ಬಾತು ಪಕ್ಕದಲ್ಲೇ ತೇಲುತ್ತಿತ್ತು, ಇನ್ನೂ ಜೀವಂತ. ನೋರ್ಬರ್ಟ್ ಮೊದಲು ಬಾತಿನ ಕತ್ತು ತಿರುಚಿ, ದಡದವರಿಗೆ ಕಾಣುವಂತೆ ಎತ್ತಿ ಹಿಡಿದ.

ಮನೆಯಲ್ಲಿ ಹೆಂಡತಿ ಎಮಿಲಿಯಾನಾ ಬಾಗಿಲು ತೆರೆದು, "ರೋಮಿ ಎಲ್ಲಿ?" ಎಂದಳು.

"ಮುದಿಯಾಗಿತ್ತಲ್ಲ," ಎಂದು ಅವನು ಬಾತುಗಳನ್ನು ಅವಳತ್ತ ಚಾಚಿದ. ಅವಳು ಕೈ ನೀಡಲಿಲ್ಲ. ಅವನೇ ಸಿಂಕಿನ ಮುಂದೆ ನಿಂತು ಒಂದೊಂದಾಗಿ ಗರಿ ಕೀಳತೊಡಗಿದ.